ಮೋಗ್ಲಿಗೆ ಕನ್ನಡ ಬರ್ತಿರ್ಲಿಲ್ಲ

ವರ್ಷಕ್ಕೆ ಎರಡು ಸಲವಾದರೂ ಆ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಲಗೋರಿ, ಬುಗುರಿ, ಗೋಲಿ, ಪೆನ್ಸಿಲ್ ತೂರಿಸಿ ರೀಲು ಸುತ್ತುತ್ತಿದ್ದ ಕ್ಯಾಸೆಟ್ಟು, ತಾರಸಿ ಹತ್ತಿ ತಿರುಗಿಸುತ್ತಿದ್ದ ಆಂಟೆನಾ, 'ಬಂತಾ? ಬಂತಾ?' ಅಂತ ಮೇಲಿಂದ ಕೂಗೋ ಅಣ್ಣ, 'ಹೋಯ್ತು, ಹೋಯ್ತು' ಅಂತ ಕೆಳಗಿಂದ ಕೂಗೋ ತಮ್ಮ. ಕೊನೆಗೊಂದು ನಿಟ್ಟುಸಿರು: ಈಗಿನ ಮಕ್ಕಳಿಗೆ ಇದೆಲ್ಲಾ ಎಲ್ಲಿ ಗೊತ್ತು, ಬರೀ ಮೊಬೈಲು. ಕಳಿಸಿದವನ ಮೊಬೈಲು ಹತ್ತು ನಿಮಿಷದ ಹಿಂದೆ ಅವನ ಮಗಳ ಕೈಯಲ್ಲೇ ಇತ್ತು ಅನ್ನೋದು ಬೇರೆ ಮಾತು.

ಇದನ್ನೂ ಒಂದು ಸಾಹಿತ್ಯ ಪ್ರಕಾರ ಅಂತ ಒಪ್ಪಿಕೊಂಡು ವಿಮರ್ಶೆ ಮಾಡೋಣ. ಲಕ್ಷಾಂತರ ಜನ ಓದುವ ಗದ್ಯ ಇದು, ಮರ್ಯಾದೆ ಕೊಡಲೇಬೇಕು. ಈ ಪ್ರಕಾರದ ಮೊದಲ ಲಕ್ಷಣ ಏನಪ್ಪಾ ಅಂದ್ರೆ ಇದರಲ್ಲಿ ಬರುವ ವಸ್ತುಗಳಿಗೆಲ್ಲ ಹೆಸರಿದೆ, ಮನುಷ್ಯರಿಗೆ ಇಲ್ಲ. ಬೀದಿಗೆ ಒಂದೇ ಟಿವಿ ಇತ್ತು, ಎಲ್ಲರೂ ಒಟ್ಟಿಗೆ ಕೂತು ನೋಡ್ತಿದ್ವಿ ಅಂತ ಬರೆದಿರುತ್ತೆ. 'ಎಲ್ಲರೂ' ಅಂದ್ರೆ ಯಾರು? ನಡುಮನೆಯಲ್ಲಿ ಚಾಪೆ ಮೇಲೆ ಕೂತವರು ಯಾರು, ಹೊಸಿಲಾಚೆ ನಿಂತವರು ಯಾರು, ಕಿಟಕಿ ಸರಳು ಹಿಡ್ಕೊಂಡು ನೇತಾಡುತ್ತಿದ್ದವರು ಯಾರು? ಟಿವಿ ಇದ್ದ ಮನೆಯವರು ಯಾರನ್ನ ಒಳಗೆ ಕರೀತಿದ್ರು, ಯಾರ ಮುಖಕ್ಕೆ ಬಾಗಿಲು ಹಾಕ್ತಿದ್ರು ಅನ್ನೋದರಲ್ಲಿ ಆ ಊರಿನ ಜಾತಿಯ ನಕ್ಷೆಯೇ ಇತ್ತು. ಫಾರ್ವರ್ಡಿನಲ್ಲಿ ಆ ಕಿಟಕಿ ಬರೋದೇ ಇಲ್ಲ.

ಎರಡನೇ ಲಕ್ಷಣ ನನಗೆ ಇನ್ನೂ ಮುಖ್ಯ. ಆ ಟಿವಿ ಯಾವ ಭಾಷೆ ಮಾತಾಡ್ತಿತ್ತು ಅನ್ನೋದನ್ನ ಈ ಸಾಹಿತ್ಯ ಹೇಳೋದೇ ಇಲ್ಲ.

1993ರ ಭಾನುವಾರಗಳನ್ನೇ ತಗೊಳ್ಳಿ. ದೂರದರ್ಶನದಲ್ಲಿ 'ಜಂಗಲ್ ಬುಕ್' ಬರ್ತಿತ್ತು. ಮೂಲದಲ್ಲಿ ಅದು ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಬರೆದ ಕಥೆ, 1989ರಲ್ಲಿ ಜಪಾನಿನವರು ಮಾಡಿದ ಕಾರ್ಟೂನು. ನಮ್ಮ ಮನೆಗೆ ಬಂದಾಗ ಅದು ಹಿಂದಿಯಾಗಿತ್ತು. ಗುಲ್ಜಾರ್ ಶೀರ್ಷಿಕೆ ಗೀತೆ ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ಶೇರ್ ಖಾನನಿಗೆ ನಾನಾ ಪಾಟೇಕರ್ ದನಿ ಕೊಟ್ಟರು. ಡಬ್ಬಿಂಗ್ ಅನ್ನೋದು ಕೀಳು ಕೆಲಸ ಅನ್ನುವವರು ಇದನ್ನೊಮ್ಮೆ ನೋಡಬೇಕು. ಕವಿಗಳು, ಸಂಗೀತಗಾರರು, ದೊಡ್ಡ ನಟರು ಸೇರಿ ಜಪಾನಿ ಗೊಂಬೆಗಳಿಗೆ ಹಿಂದಿ ಜೀವ ತುಂಬಿದ್ದರು. ಉತ್ತರ ಭಾರತದ ಮಗುವಿಗೆ ಮೋಗ್ಲಿ ಪಕ್ಕದ್ಮನೆ ಹುಡುಗನಂತೆ ಕೇಳಿಸಿದ.

ನಮಗೆ? ನಮ್ಮ ಬೀದಿಯಲ್ಲಿ ಎಂಟು ವರ್ಷದೊಳಗಿನ ಒಬ್ಬರಿಗೂ ಹಿಂದಿ ಬರ್ತಿರಲಿಲ್ಲ. ರೈಲ್ವೆ ಕ್ವಾರ್ಟರ್ಸಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು, ಅವಳಪ್ಪನಿಗೆ ಎಲ್ಲೋ ಉತ್ತರದಲ್ಲಿ ಕೆಲಸವಾಗಿ ವಾಪಸ್ ಬಂದಿದ್ದರು, ಅವಳಿಗೆ ಹಿಂದಿ ಬರ್ತಿತ್ತು. ಹಾಗಾಗಿ ಅವಳಿಗೆ ಟಿವಿ ಮುಂದೆ ಖಾಯಂ ಜಾಗ. ಮೋಗ್ಲಿ ಒಂದು ಮಾತು ಆಡಿದ ಕೂಡಲೇ ಅವಳು ಕನ್ನಡದಲ್ಲಿ ಹೇಳೋಳು. ಸ್ವಲ್ಪ ದಿನದಲ್ಲೇ ನಮಗೆ ಅನುಮಾನ ಬಂತು: ಶೇರ್ ಖಾನ್ ಎರಡು ಸೆಕೆಂಡ್ ಗುರ್ ಅಂದರೆ ಇವಳು ಅರ್ಧ ನಿಮಿಷ ಡೈಲಾಗ್ ಹೊಡೀತಾಳೆ, ಅದರಲ್ಲಿ ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರ ಬೈಗುಳವೂ ಬರುತ್ತೆ! ಯಾರೂ ದೂರಲಿಲ್ಲ. ನಾನು ನೋಡಿದ ಜಂಗಲ್ ಬುಕ್ಕಿನ ಅರ್ಧ ಕಥೆ ಅವಳದ್ದೇ ಅಂತ ಈಗಲೂ ನನ್ನ ಗುಮಾನಿ.

ಆದರೆ ಆಟಕ್ಕೆ ಇಳಿದಾಗ ಏನಾಗ್ತಿತ್ತು ಗೊತ್ತಾ? ಶಕ್ತಿಮಾನ್ ಆದಾಗ, ಮೋಗ್ಲಿ ಆದಾಗ, ನಾವು ಹಿಂದಿಯಲ್ಲಿ ಅಥವಾ ಹಿಂದಿ ಅಂತ ನಾವು ಅಂದುಕೊಂಡದ್ದರಲ್ಲಿ ಕೂಗ್ತಿದ್ವಿ. ಕಳ್ಳ ಪೊಲೀಸ್ ಆಟ ಕನ್ನಡದಲ್ಲಿ, ಹೀರೋ ಆಟ ಹಿಂದಿಯಲ್ಲಿ. ಹಾರುವವನು, ಗೆಲ್ಲುವವನು, ಜಗತ್ತನ್ನು ಉಳಿಸುವವನು ಕನ್ನಡ ಮಾತಾಡೋದಿಲ್ಲ ಅನ್ನೋದು ನಮಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು. ಇವತ್ತು ಬೆಂಗಳೂರಿನ ಅಪಾರ್ಟ್‌ಮೆಂಟ್ ಮಗು ಗೊಂಬೆಗಳ ಜೊತೆ ಒಬ್ಬಳೇ ಆಡುವಾಗ ಇಂಗ್ಲಿಷ್ ಮಾತಾಡುತ್ತೆ, ಊಟಕ್ಕೆ ಕರೆದಾಗ ಮಾತ್ರ ಕನ್ನಡಕ್ಕೆ ಬರುತ್ತೆ ಅಂತ ಗೋಳಾಡ್ತೀವಲ್ಲ, ಆ ಕೆಲಸ ಮೊಬೈಲು ಶುರು ಮಾಡಿದ್ದಲ್ಲ. ಆಂಟೆನಾ ಶುರು ಮಾಡಿದ್ದು.

ಇದರ ಪರಾಕಾಷ್ಠೆ 'ಮಾಲ್ಗುಡಿ ಡೇಸ್'. ಫಾರ್ವರ್ಡ್ ಸಾಹಿತ್ಯದ ಮಹಾಕಾವ್ಯ ಅದು, ಅದರ ಆ ರಾಗ ಕೇಳಿದರೆ ಈಗಲೂ ಕಣ್ಣು ಒದ್ದೆಯಾಗೋರಿದ್ದಾರೆ. ನಾನೂ ಆ ಪೈಕಿಯೇ. ಎಂಬತ್ತರ ದಶಕದ ಕೊನೆಯಲ್ಲಿ ಬಂದ ಧಾರಾವಾಹಿ. ನಿರ್ದೇಶನ ಶಂಕರ್ ನಾಗ್. ಚಿತ್ರೀಕರಣ ಬಹುಪಾಲು ಆಗುಂಬೆ. ಸ್ವಾಮಿ ಆಗಿ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಸಂಗೀತ ಎಲ್. ವೈದ್ಯನಾಥನ್. ರೈಲ್ವೆ ಸ್ಟೇಷನ್ ಆಗಿದ್ದು ಶಿವಮೊಗ್ಗದ ಹತ್ತಿರದ ಅರಸಾಳು. ಮಣ್ಣು ನಮ್ಮದು, ಮಳೆ ನಮ್ಮದು, ಮುಖಗಳು ನಮ್ಮವು. ಬಾಯಿ ಬಿಟ್ಟರೆ ಹಿಂದಿ. ಮೊದಲ ಹದಿಮೂರು ಕಂತು ಇಂಗ್ಲಿಷಿನಲ್ಲೂ ತಯಾರಾಯಿತು, ಕನ್ನಡದಲ್ಲಿ ಆಗಲಿಲ್ಲ. ಆರ್.ಕೆ. ನಾರಾಯಣ್ ಬರೆದದ್ದೇ ಇಂಗ್ಲಿಷಿನಲ್ಲಿ, ರಾಷ್ಟ್ರೀಯ ಜಾಲದ ಭಾಷೆ ಹಿಂದಿ, ಸರಿ. ಆದರೂ ಕಾಸರವಳ್ಳಿ ಮತ್ತು ಕಾರ್ನಾಡರು ಆಗುಂಬೆಯ ತೊಟ್ಟಿಮನೆಯಲ್ಲಿ ಕೂತು ಮಗನ ಪರೀಕ್ಷೆ ಬಗ್ಗೆ ಹಿಂದಿಯಲ್ಲಿ ಮಾತಾಡೋದನ್ನ ನೋಡಿದಾಗ, ಆ ದೃಶ್ಯ ಎಷ್ಟೇ ಚೆನ್ನಾಗಿರಲಿ, ನಮ್ಮನೆಗೆ ನಾವೇ ನೆಂಟರಾಗಿ ಹೋದಂಗಿರುತ್ತೆ. ಕನ್ನಡಕ್ಕೆ ಡಬ್ ಆಗಿ ಅದು ಟಿವಿಗೆ ಬಂದಿದ್ದು 2020ರ ಲಾಕ್‌ಡೌನಿನಲ್ಲಿ. ಅಷ್ಟೊತ್ತಿಗೆ ಸ್ವಾಮಿಯ ವಯಸ್ಸಿನವರಿಗೆ ಸ್ವಾಮಿಯ ವಯಸ್ಸಿನ ಮಕ್ಕಳಿದ್ದರು. ಶಂಕರ್ ನಾಗ್ ತೀರಿಕೊಂಡು ಮೂವತ್ತು ವರ್ಷವಾಗುತ್ತಾ ಬಂದಿತ್ತು.

ಯಾಕೆ ಇಷ್ಟು ತಡ ಅಂದ್ರೆ, ಆ ಕಥೆ ಎಲ್ಲರಿಗೂ ಗೊತ್ತು, ಆದರೆ ಮಕ್ಕಳ ಕಡೆಯಿಂದ ಅದನ್ನ ಹೇಳಿದವರು ಕಮ್ಮಿ. 1960ರ ದಶಕದಲ್ಲಿ ಅನಕೃ ಅಂಥವರು ಡಬ್ಬಿಂಗ್ ವಿರುದ್ಧ ನಿಂತಾಗ ಅದಕ್ಕೆ ಅರ್ಥವಿತ್ತು. ಕನ್ನಡ ಸಿನಿಮಾ ಮದರಾಸಿನ ಸ್ಟುಡಿಯೋಗಳ ಹಿತ್ತಲಲ್ಲಿ ಕೂಸಾಗಿತ್ತು, ತಮಿಳು ತೆಲುಗು ಚಿತ್ರಗಳು ಕನ್ನಡದ ಮುಖವಾಡ ಹಾಕಿಕೊಂಡು ಬಂದರೆ ನಮ್ಮ ನಟರಿಗೆ, ಬರಹಗಾರರಿಗೆ ಕೆಲಸವೇ ಇರುತ್ತಿರಲಿಲ್ಲ. ಆ ಹೋರಾಟ ಇಲ್ಲದಿದ್ದರೆ ಆಮೇಲಿನ ಕನ್ನಡ ಸಿನಿಮಾ ಇರ್ತಿತ್ತೋ ಇಲ್ವೋ. ತಕರಾರು ಅದಲ್ಲ. ದೊಡ್ಡವರ ಸಿನಿಮಾ ಉಳಿಸೋಕೆ ಕಟ್ಟಿದ ಬೇಲಿ ಮಕ್ಕಳ ಕಾರ್ಟೂನಿಗೂ, ಪ್ರಾಣಿಗಳ ಸಾಕ್ಷ್ಯಚಿತ್ರಕ್ಕೂ ಹಬ್ಬಿತು. ಯಾವ ಕನ್ನಡ ನಿರ್ಮಾಪಕನೂ ಮೋಗ್ಲಿಯನ್ನ ಮಾಡ್ತಿರಲಿಲ್ಲ, ಮೋಗ್ಲಿ ಬಂದರೆ ಯಾವ ಕನ್ನಡ ನಟನೂ ಕೆಲಸ ಕಳ್ಕೊಳ್ತಿರಲಿಲ್ಲ, ಬದಲಿಗೆ ನಾಲ್ಕು ಜನ ದನಿ ಕಲಾವಿದರಿಗೆ ಅನ್ನ ಸಿಗ್ತಿತ್ತು. ಆದರೂ ಬೇಲಿ ಬೇಲಿಯೇ. ಮದರಾಸಿನ ಮಕ್ಕಳು ತಮಿಳಲ್ಲಿ, ಹೈದರಾಬಾದಿನ ಮಕ್ಕಳು ತೆಲುಗಲ್ಲಿ ಕಾರ್ಟೂನು ನೋಡತೊಡಗಿದ ಎಷ್ಟೋ ದಿನದ ಮೇಲೂ ನಮ್ಮ ಮಕ್ಕಳು ಹಿಂದಿ ಅಥವಾ ಇಂಗ್ಲಿಷಿನಲ್ಲೇ ನೋಡಬೇಕಿತ್ತು. ಕನ್ನಡ ಉಳಿಸೋಕೆ ಅಂತ ಕನ್ನಡದ ಮಕ್ಕಳಿಗೆ ಹಿಂದಿ ತಿನ್ನಿಸಿದ ಇಂಥ ವ್ಯವಸ್ಥೆಯನ್ನ ಏನಂತ ಕರೀಬೇಕೋ ನನಗೆ ಗೊತ್ತಾಗ್ತಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಇದೇ ಕೆಲಸ ಕಾಗದದ ಮೇಲೆ ಆದಾಗ ಯಾರೂ ಚಕಾರ ಎತ್ತಿರಲಿಲ್ಲ. 'ಚಂದಮಾಮ' 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಚಿತ್ರ ಒಂದೇ, ಅಕ್ಷರ ಬೇರೆ. ಶಂಕರ್ ಬರೆದ ಆ ವಿಕ್ರಮ ಬೇತಾಳನ ಚಿತ್ರ ನೆನಪಿದೆಯಲ್ಲ, ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ? ಅದು ಎಲ್ಲ ಭಾಷೆಯಲ್ಲೂ ಅದೇ. 'ಬಾಲಮಂಗಳ'ದ ಡಿಂಗನೂ ಅಷ್ಟೇ. ನಮ್ಮ ಪ್ರೀತಿಯ ಸೂಪರ್ ಇಲಿ ಹುಟ್ಟಿದ್ದು ಮಲಯಾಳದಲ್ಲಿ, ಅಲ್ಲಿ ಅವನು ಡಿಂಕನ್. ಅಂದ್ರೆ ನನ್ನ ಅಪ್ಪನ ಬಾಲ್ಯವೂ ಡಬ್ಬಿಂಗ್, ನನ್ನ ಬಾಲ್ಯದ ಒಳ್ಳೆಯ ಭಾಗವೂ ಡಬ್ಬಿಂಗ್, ಬಾಯಿ ಆಡಿಸುವುದು ಕಾಣದಿದ್ದ ಕಾರಣಕ್ಕೆ ಅದು ಸಾಹಿತ್ಯ ಅನ್ನಿಸಿಕೊಂಡಿತು. ಡಿಂಗ ಕನ್ನಡ ಮಾತಾಡಿದ್ದರಿಂದ ಕನ್ನಡಕ್ಕೇನಾದರೂ ನಷ್ಟವಾಯಿತಾ? ಬಾಲಮಂಗಳ ಓದುತ್ತಾ ಕನ್ನಡ ಓದುವುದನ್ನ ಕಲಿತವರು ಇದನ್ನ ಓದ್ತಿರೋರಲ್ಲೇ ಎಷ್ಟು ಜನ ಇದ್ದೀರಿ, ಕೈ ಎತ್ತಿ.

ಇನ್ನೂ ಒಂದು ವಿಷಯ, ಇದು ನಮ್ಮ ಬೆಂಗಳೂರಿನ ಗೆಳೆಯರಿಗೆ ಹೇಳಿದಾಗೆಲ್ಲ ನಂಬೋದೇ ಇಲ್ಲ. ಕರ್ನಾಟಕದಲ್ಲಿ ಮಕ್ಕಳು ಮೊದಲು ಟಿವಿ ನೋಡಿದ್ದು ಬೆಂಗಳೂರಿನಲ್ಲಲ್ಲ. ರಾಯಚೂರು, ಗುಲ್ಬರ್ಗಾ, ಬಿಜಾಪುರದ ಹಳ್ಳಿಗಳಲ್ಲಿ. 1975ರ ಆಗಸ್ಟಿನಿಂದ ಒಂದು ವರ್ಷ 'ಸೈಟ್' ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನ ನಮ್ಮ ಇಸ್ರೋಗೆ ಕಡ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದೊಂದು ಟಿವಿ, ಕೋಳಿ ಗೂಡಿಗೆ ಹಾಕೋ ತಂತಿಬಲೆಯಿಂದ ಮಾಡಿದ ಹತ್ತಡಿ ಆಂಟೆನಾ. ಬೆಳಗ್ಗೆ ಶಾಲೆಯಲ್ಲಿ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ. ಪ್ರಸಾರವಾದ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು. ಆ ಉಪಗ್ರಹದಿಂದ ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳಿಸಬಹುದಿತ್ತು, ಒಂದೇ ಚಿತ್ರ, ಎರಡು ಭಾಷೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರ ನವೆಂಬರಿನಲ್ಲಿ.

ಯೋಚನೆ ಮಾಡಿ. ಕರೆಂಟು ಬಂದು ಹೆಚ್ಚು ದಿನವಾಗದ ಹಳ್ಳಿಯ ಶಾಲೆಯೊಂದರಲ್ಲಿ, 1975ರಲ್ಲಿ, ಮಗುವೊಂದು ಆಕಾಶದಿಂದ ಬಂದ ಚಿತ್ರವನ್ನ ಕನ್ನಡದಲ್ಲಿ ನೋಡಿದೆ. ಹದಿನೆಂಟು ವರ್ಷದ ಮೇಲೆ ಅದೇ ರಾಜ್ಯದಲ್ಲಿ ನಾವು ರೈಲ್ವೆ ಕ್ವಾರ್ಟರ್ಸಿನ ಹುಡುಗಿಯ ಬಾಯಿ ನೋಡ್ತಾ ಕೂತಿದ್ವಿ. ತಂತ್ರಜ್ಞಾನ ಮುಂದೆ ಹೋದಂತೆ ಮಕ್ಕಳು ತಾವಾಗಿಯೇ ಮುಂದೆ ಹೋಗ್ತಾರೆ ಅನ್ನೋರೂ, ಹಿಂದಿನದೆಲ್ಲ ಚೆಂದ ಅನ್ನೋರೂ ಈ ಎರಡು ಚಿತ್ರವನ್ನ ಅಕ್ಕಪಕ್ಕ ಇಟ್ಟು ನೋಡಬೇಕು.

ಮಿಕ್ಕ ಇತಿಹಾಸ ಬೇಗ ಮುಗಿಸ್ತೀನಿ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂತು, ಕೇಬಲ್ ಇದ್ದ ಮನೆಯ ಮಕ್ಕಳಿಗೆ ಟಾಮ್ ಅಂಡ್ ಜೆರ್ರಿ ಅಚ್ಚುಮೆಚ್ಚಾಯಿತು, ಅದರಲ್ಲಿ ಮಾತೇ ಇಲ್ಲ ನೋಡಿ, ಹಾಗಾಗಿ ಎಲ್ಲರಿಗೂ ಸಮ. ಬ್ರಿಕ್ ಗೇಮು, ನೋಕಿಯಾದ ಹಾವು, ಇವಕ್ಕೂ ಭಾಷೆಯ ಹಂಗಿಲ್ಲ. 2009ರಲ್ಲಿ ಸನ್ ಬಳಗದ ಚಿಂಟು ಟಿವಿ ಬಂದಾಗ ಕನ್ನಡದ ಮಕ್ಕಳಿಗೆ ಮೊದಲ ಬಾರಿ ಸ್ವಂತ ಚಾನೆಲ್ ಸಿಕ್ಕಿತು. ಅದೇ ಬಳಗದ ತಮಿಳು ಚುಟ್ಟಿ ಟಿವಿಗಿಂತ ಎರಡು ವರ್ಷ ತಡ. 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯೋದು ತಪ್ಪು ಅಂತ ವಾಣಿಜ್ಯ ಮಂಡಳಿ ಮೊದಲಾದವರಿಗೆ ದಂಡ ಹಾಕಿತು. ದೂರು ಕೊಟ್ಟಿದ್ದು ನಿರ್ಮಾಪಕರಲ್ಲ, ಕನ್ನಡ ಗ್ರಾಹಕರ ಕೂಟ. ಅಂದ್ರೆ ನೋಡುಗರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ನೀರಿನಂತಾಯಿತು. ಬೇಲಿ ಬಿದ್ದ ಹೊತ್ತಿಗೆ ಸರಿಯಾಗಿ ಹೊಲವೇ ಬೇರೆ ಕಡೆ ಹೋಗಿತ್ತು.

ಆ ಹೊಲವೇ ಯೂಟ್ಯೂಬ್. ಇಲ್ಲಿ ನನಗೆ ಫಾರ್ವರ್ಡಿಗರ ಮೇಲೆ ಸ್ವಲ್ಪ ಕನಿಕರ ಬರುತ್ತೆ, ಯಾಕಂದ್ರೆ ಅವರ ಗಾಬರಿ ಸುಳ್ಳಲ್ಲ, ಕಾರಣ ಮಾತ್ರ ತಪ್ಪು. ಮಗುವಿಗೆ ಕನ್ನಡ ಸಿಗ್ತಿಲ್ಲ ಅನ್ನೋದು ಈಗ ನಿಜವಲ್ಲ. ಯಾವ ತಲೆಮಾರಿಗೂ ಸಿಗದಷ್ಟು ಕನ್ನಡ ಈಗಿನ ಮಗುವಿನ ಬೆರಳ ತುದಿಯಲ್ಲಿದೆ. ಬೆಂಗಳೂರಿನದ್ದೇ ಆದ ಇನ್ಫೋಬೆಲ್ಸ್, ಚೆನ್ನೈನ ಚುಚು ಟಿವಿ, ಇನ್ನೂ ಎಷ್ಟೋ ಸಣ್ಣಪುಟ್ಟ ಚಾನೆಲ್ಲುಗಳು. ಆನೆ, ಇಲಿ, ಚಂದಮಾಮ, ತರಕಾರಿ, ಕಾಗಕ್ಕ ಗುಬ್ಬಕ್ಕ ಎಲ್ಲಾ ಇದೆ. ಸರ್ಜಾಪುರ ರಸ್ತೆಯ ಯಾವುದೋ ಟವರಿನಲ್ಲಿ, ಅಥವಾ ನ್ಯೂಜೆರ್ಸಿಯಲ್ಲಿ, ಅಪ್ಪ ಅಮ್ಮ ಬಿಟ್ಟರೆ ಕನ್ನಡ ಮಾತಾಡೋ ಒಂದು ನರಪಿಳ್ಳೆಯೂ ಸಿಗದ ಮಗುವಿಗೆ ಈ ವಿಡಿಯೋಗಳು ಮೂರನೇ ಕನ್ನಡಿಗ. ಅದನ್ನ ಹಗುರಾಗಿ ತಗೊಳ್ಳೋಕೆ ನನಗೆ ಧೈರ್ಯ ಇಲ್ಲ.

ಆದರೆ ಇರೋದು ಹೇಗಿದೆ?

ಒಂದು ಉದಾಹರಣೆ ಸಾಕು. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯ ಗೊತ್ತಲ್ಲ, ನಮ್ಮಲ್ಲಿ ಅದು ಗೊತ್ತಿಲ್ಲದವರು ಇರಲಾರರು. ಅದರ ಶಿಲ್ಪ ನೋಡಿ. ಮಗು ಕೇಳುತ್ತೆ, ನಾಯಿ ಹೇಳುತ್ತೆ. ಮತ್ತೆ ಕೇಳುತ್ತೆ, ಮತ್ತೆ ಹೇಳುತ್ತೆ. ತಿಂಡಿ ಕೊಟ್ಟರೆ ಮನೆ ಕಾಯ್ತೀನಿ ಅನ್ನುವ ಶುದ್ಧ ವ್ಯವಹಾರದ ಪದ್ಯ ಅದು, ಪ್ರೀತಿಗೀತಿ ಅಂತ ಒಂದು ಪದ ಇಲ್ಲದೆ ಪ್ರೀತಿ ಹುಟ್ಟಿಸುತ್ತೆ. ಅಜ್ಜಿ ಅದನ್ನ ಹೇಳಿಕೊಟ್ಟಾಗ ಅಜ್ಜಿ ಮಗುವಿನ ಮಾತು ಹೇಳ್ತಾಳೆ, ಮಗು ನಾಯಿಯಾಗುತ್ತೆ. ಆಮೇಲೆ ಅದಲು ಬದಲು. ನಾಲ್ಕನೇ ಸಲ ಹೇಳುವಾಗ ಮಗು ತಿಂಡಿಯ ಜಾಗದಲ್ಲಿ ಚಾಕಲೇಟ್ ಅನ್ನುತ್ತೆ, ಕಳ್ಳನ ಜಾಗದಲ್ಲಿ ಪಕ್ಕದ್ಮನೆ ಅಂಕಲ್ ಹೆಸರು ಹಾಕುತ್ತೆ. ಪದ್ಯದ ಅರ್ಧ ಜಾಗವನ್ನ ರಾಜರತ್ನಂ ಕೇಳುಗನಿಗೆ ಅಂತಲೇ ಬಿಟ್ಟಿದ್ದಾರೆ.

ಅದೇ ಪದ್ಯದ ಅನಿಮೇಷನ್ ಒಂದನ್ನ ಅಕ್ಕನ ಮನೆಯಲ್ಲಿ ಆರೇಳು ಸಲ ನೋಡುವ ಭಾಗ್ಯ ನನ್ನದಾಯಿತು. ಕೇಳೋ ದನಿಯೂ ಅದರದ್ದೇ, ಉತ್ತರದ ದನಿಯೂ ಅದರದ್ದೇ. ನಡುವೆ ಉಸಿರಾಡುವಷ್ಟು ಬಿಡುವಿಲ್ಲ, ಬಿಡುವಿದ್ದಲ್ಲೆಲ್ಲ ಒಂದು ಕೀಬೋರ್ಡು ಟಿಂಗ್ ಅನ್ನುತ್ತೆ. ನಾಯಿಮರಿಗೆ ತಟ್ಟೆಯಷ್ಟಗಲ ಕಣ್ಣು. ಮನೆ ಮುಂದೆ ಹುಲ್ಲುಹಾಸು, ಬಿಳಿ ಮರದ ಬೇಲಿ. ಇಂಥ ಮನೆಗೆ ಕಳ್ಳ ಯಾಕೆ ಬರ್ತಾನೆ, ಸೆಕ್ಯೂರಿಟಿ ಇರಲ್ವಾ? ಹಾಡು ಮುಗಿಯುವ ಮೊದಲೇ ಮುಂದಿನ ಹಾಡು ಶುರು, ಯಾಕಂದ್ರೆ ಎರಡು ನಿಮಿಷದ ಹಾಡುಗಳನ್ನ ಪೋಣಿಸಿ ಒಂದು ಗಂಟೆಯ ಸರ ಮಾಡಿದ್ದಾರೆ. ಸರ ಉದ್ದವಾದಷ್ಟೂ ಜಾಹೀರಾತಿಗೆ ಜಾಗ. ಅಕ್ಕನ ಮಗಳು ಬಾಯಿ ತೆರೆದು ನೋಡ್ತಾಳೆ, ಒಂದು ಪದ ಆಡಲ್ಲ. ಅದೇ ಹುಡುಗಿಗೆ ನಮ್ಮಮ್ಮ ಅದೇ ಪದ್ಯ ಹೇಳಿದರೆ ಮನೆ ಕಿತ್ತು ಹೋಗೋ ಹಾಗೆ ಬೊಗಳ್ತಾಳೆ.

ಇದು ಚಿತ್ರದ ತಪ್ಪಲ್ಲ. ಜಂಗಲ್ ಬುಕ್ಕೂ ಚಿತ್ರವೇ ಆಗಿತ್ತು. ಆದರೆ ಅದು ಅರ್ಧ ಗಂಟೆಗೆ ನಿಲ್ತಿತ್ತು, ಮುಂದಿನ ಭಾನುವಾರದವರೆಗೆ ಆರು ದಿನ ಖಾಲಿ ಇರ್ತಿತ್ತು, ಆ ಆರು ದಿನ ಮೋಗ್ಲಿ ನಮ್ಮ ಕೈಲಿರ್ತಿದ್ದ. ನಿಲ್ಲಿಸಿದ್ದು ನಮ್ಮ ತಂದೆ ತಾಯಿಯ ಶಿಸ್ತಲ್ಲ ಸ್ವಾಮಿ, ದೂರದರ್ಶನದ ಬಡತನ. ಅದನ್ನ ಸಂಸ್ಕಾರ ಅಂತ ಕರೆದು ಫಾರ್ವರ್ಡ್ ಮಾಡೋದು ಬೇಡ. ಆದರೆ ಒಂದು ಗಂಟೆಯ ಸರ ಕಟ್ಟುವವರಿಗೆ, ಪ್ರಶ್ನೆ ಆದ ಮೇಲೆ ನಾಲ್ಕು ಸೆಕೆಂಡ್ ಸುಮ್ಮನಿರಿ, ಮಗು ಬೊಗಳಲಿ ಅಂತ ಕೇಳಬಹುದಲ್ಲ? ಅದಕ್ಕೆ ಹೊಸ ತಂತ್ರಜ್ಞಾನ ಏನೂ ಬೇಕಾಗಿಲ್ಲ. ಭಾಷೆ ಬದಲಾದರೂ ಬದಲಾಗದ ಆ ಹುಲ್ಲುಹಾಸಿನ ಬದಲು ಒಂದು ಜಗುಲಿ, ಒಂದು ಸಿಂಟೆಕ್ಸ್ ಟ್ಯಾಂಕು, ಒಂದು ಬಿಎಂಟಿಸಿ ಬಸ್ಸು ಬರೆಯಬಹುದಲ್ಲ? ಚಂದಮಾಮದವರು ಚಿತ್ರ ಒಂದೇ ಬರೆದರೂ ಆ ಒಂದು ಚಿತ್ರಕ್ಕೆ ಶಂಕರ್ ಅಂಥವರನ್ನ ಕೂರಿಸಿದ್ದರು.

ಇದನ್ನೆಲ್ಲ ಆ ವಿಡಿಯೋದ ಕೆಳಗೇ ಬರೆಯೋಣ ಅಂತ ಹೋದೆ. ಕಾಮೆಂಟ್ ಹಾಕೋಕೆ ಜಾಗವಿಲ್ಲ. ಮಕ್ಕಳ ಮಾಹಿತಿ ಕದ್ದದ್ದಕ್ಕೆ ಅಮೆರಿಕದಲ್ಲಿ 2019ರಲ್ಲಿ ಗೂಗಲ್ಲಿಗೆ 17 ಕೋಟಿ ಡಾಲರ್ ದಂಡ ಬಿತ್ತು, ಆಮೇಲೆ ಮಕ್ಕಳ ವಿಡಿಯೋಗಳಿಗೆಲ್ಲ ಕಾಮೆಂಟ್ ಬಂದ್. ಒಳ್ಳೇದೇ ಆಯ್ತು ಅನ್ನಿ, ಆದರೆ ಅದರ ಜೊತೆಗೆ ಒಬ್ಬ ಮಾವನ ವಿಮರ್ಶೆಯೂ ಹೋಯ್ತು. ಶುಕ್ರವಾರ ಬಿಡುಗಡೆಯಾಗಿ ಸೋಮವಾರ ಎತ್ತಂಗಡಿ ಆಗೋ ಸಿನಿಮಾಕ್ಕೂ ನಮ್ಮ ಪತ್ರಿಕೆಗಳು ಕಾಲು ಪುಟ ಕೊಡ್ತವೆ, ಸ್ಟಾರ್ ಹಾಕ್ತವೆ. ಕನ್ನಡದ ಮಕ್ಕಳು ದಿನಾ ನೋಡೋದಕ್ಕೆ ಒಂದು ಸಾಲಿಲ್ಲ. ಆದ್ದರಿಂದ ಇಲ್ಲೇ ಹೇಳಿಬಿಡ್ತೀನಿ. ನಾಯಿಮರಿ ವಿಡಿಯೋಗೆ ಐದಕ್ಕೆ ಎರಡು ಸ್ಟಾರ್. ಒಂದು, ಹಾಡಿದಾಕೆ ಳಕಾರ, ಣಕಾರ ಸರಿಯಾಗಿ ಅಂದಿದ್ದಕ್ಕೆ. ಇನ್ನೊಂದು ರಾಜರತ್ನಂ ಅವರಿಗೆ, ವಿವರಣೆಯಲ್ಲಿ ಎಷ್ಟು ಕೆಳಗೆ ಸ್ಕ್ರೋಲ್ ಮಾಡಿದರೂ ಅವರ ಹೆಸರು ಸಿಗಲಿಲ್ಲ.